ವಿಮಾನದ ಬಾಗಿಲಲ್ಲಿ ನಮ್ಮ ಇನಿಷಿಯಲ್ಲು

ಸರೋಜಿನಿ ನಗರದಲ್ಲಿರುವ ನಮಗೆ ವಿಮಾನ ಹಳೆಯ ನೆರೆಮನೆಯದು. 1929ರಲ್ಲಿ ಆರಂಭವಾದ ಸಫ್ದರ್‌ಜಂಗ್ ನಿಲ್ದಾಣ ಇಲ್ಲಿಗೆ ಕೂಗಳತೆಯ ದೂರ. 1962ರಲ್ಲಿ ಪ್ರಯಾಣಿಕರ ವಿಮಾನಗಳು ಪಾಲಂಗೆ ಹೋದವು. ಆಗೆಲ್ಲ ಟಿಕೆಟ್ಟಿನ ಮೇಲೆ ಹೆಸರು ಇರುತ್ತಿತ್ತೇ ವಿನಾ, ಆ ಹೆಸರಿನವರೇ ಬಂದಿದ್ದಾರೆಯೇ ಎಂದು ಮುಖಕ್ಕೂ ಹೆಸರಿಗೂ ತಾಳೆ ಹಾಕುವ ರೂಢಿ ಇರಲಿಲ್ಲ. ಹಾಕುವುದಾದರೂ ಹೇಗೆ? ಮತದಾರರಿಗೆ ಭಾವಚಿತ್ರದ ಗುರುತಿನ ಚೀಟಿ ಬಂದದ್ದೇ 1993ರಲ್ಲಿ.

ವಿಮಾನಾಪಹರಣಗಳು ಶುರುವಾದ ಮೇಲೂ ಸರ್ಕಾರದ ಕಣ್ಣು ಮೊದಲು ಬಿದ್ದದ್ದು ಚೀಲದ ಮೇಲೆ. 1971ರಲ್ಲಿ 'ಗಂಗಾ' ವಿಮಾನವನ್ನು ಲಾಹೋರಿಗೆ ಒಯ್ದು ಸುಟ್ಟರು. 1976ರ ಸೆಪ್ಟೆಂಬರಿನಲ್ಲಿ ದೆಹಲಿಯಿಂದ ಹೊರಟ ಬೋಯಿಂಗ್ ಕೂಡ ಲಾಹೋರಿಗೇ ಹೋಯಿತು. ಅದರ ಬಳಿಕ ನೇಮಿಸಿದ ಪಾಂಡೆ ಸಮಿತಿಯ ಶಿಫಾರಸಿನಂತೆ 1978ರ ಜನವರಿಯಲ್ಲಿ ನಾಗರಿಕ ವಿಮಾನಯಾನ ಭದ್ರತೆಗೆಂದೇ ಒಂದು ಘಟಕ ಹುಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇಬ್ಬರು ಆಟಿಕೆಯ ಆಯುಧ ತೋರಿಸಿ ವಿಮಾನವನ್ನು ವಾರಾಣಸಿಗೆ ತಿರುಗಿಸಿದರು. ಮುಂದೆ ಇಬ್ಬರೂ ಉತ್ತರ ಪ್ರದೇಶದ ಶಾಸಕರಾದರು ಎಂಬುದನ್ನು ಓದುಗರು ನಂಬಲೇಬೇಕು.

1985ರ ಜೂನ್ 23ರಂದು 'ಕನಿಷ್ಕ' ಸ್ಫೋಟಗೊಂಡು 329 ಜನ ಸತ್ತರು. ಬಾಂಬಿನ ಪೆಟ್ಟಿಗೆಯನ್ನು ಒಪ್ಪಿಸಿದವನು ತಾನು ವಿಮಾನ ಹತ್ತಿರಲೇ ಇಲ್ಲ. ವಿಮಾನದ ಪಕ್ಕದಲ್ಲಿ ಸಾಲಾಗಿಟ್ಟ ಪೆಟ್ಟಿಗೆಗಳ ಮುಂದೆ ನಿಂತು, "ಇದು ನನ್ನದು" ಎಂದು ತೋರಿಸಿದ ಮೇಲೆಯೇ ಏರುತ್ತಿದ್ದ ಕಾಲ ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಪೆಟ್ಟಿಗೆ ಯಾರದೆಂದು ಪ್ರಯಾಣಿಕ ಹೇಳಬೇಕಿತ್ತು. ಪ್ರಯಾಣಿಕ ಯಾರೆಂದು ಕೇಳುವವರಿರಲಿಲ್ಲ!

ಆ ಪ್ರಶ್ನೆ ಜೋರಾದದ್ದು 1999ರ ಡಿಸೆಂಬರ್ 24ರ ನಂತರ. ಕಠ್ಮಂಡುವಿನಿಂದ ದೆಹಲಿಗೆ ಬರುತ್ತಿದ್ದ ಐಸಿ 814 ಕಂದಹಾರಕ್ಕೆ ಹೋಯಿತು. ನೇಪಾಳಕ್ಕೆ ಹೋಗಿಬರಲು ಭಾರತೀಯರಿಗೆ ಪಾಸ್‌ಪೋರ್ಟ್ ಬೇಕಿರಲಿಲ್ಲ. 2000ದ ಅಕ್ಟೋಬರಿನಿಂದ ಆ ವಿಮಾನಗಳಿಗೆ ಭಾವಚಿತ್ರವಿರುವ ಗುರುತು ಕಡ್ಡಾಯವಾಯಿತು. ಅದೇ ವರ್ಷದಿಂದ ನಿಲ್ದಾಣಗಳ ಕಾವಲನ್ನು ಸಿಐಎಸ್‌ಎಫ್ ಒಂದೊಂದಾಗಿ ವಹಿಸಿಕೊಂಡಿತು.

ಆದರೆ ಗುರುತಿನ ಚೀಟಿ ದೇಶದೊಳಗಿನ ಪ್ರಯಾಣಿಕರ ಕಿಸೆಗೆ ಖಾಯಂ ಆಗಿ ಬಂದದ್ದು ಭಯದಿಂದ ಮಾತ್ರವಲ್ಲ, ಅಗ್ಗದ ಟಿಕೆಟ್ಟಿನಿಂದಲೂ ಎಂದು ನಮ್ಮ ಅಭಿಪ್ರಾಯ. 2003ರಲ್ಲಿ ಏರ್ ಡೆಕ್ಕನ್ ಹಾರತೊಡಗಿ, ಇಂಟರ್‌ನೆಟ್ಟಿನಲ್ಲಿ ಟಿಕೆಟ್ ಮಾರಿತು. 2008ರ ಜೂನಿನಿಂದ ಜಗತ್ತಿನ ವಿಮಾನ ಸಂಸ್ಥೆಗಳ ಒಕ್ಕೂಟವೇ ಕಾಗದದ ಟಿಕೆಟ್ ನಿಲ್ಲಿಸಿತು. ಮನೆಯಲ್ಲೇ ಅಚ್ಚು ಹಾಕಿಕೊಂಡ ಹಾಳೆಗೆ ತನ್ನಷ್ಟಕ್ಕೆ ಬೆಲೆಯಿಲ್ಲ. ಜೊತೆಗಿರುವ ಗುರುತಿನ ಚೀಟಿಯೇ ಅದಕ್ಕೆ ಜೀವ.

ಏರ್ ಡೆಕ್ಕನ್ ಕಟ್ಟಿದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಹಾಸನ ಜಿಲ್ಲೆಯ ಗೊರೂರಿನವರು. 'ಜಿ' ಎಂದರೆ ಊರು, 'ಆರ್' ಎಂದರೆ ತಂದೆ ರಾಮಸ್ವಾಮಿ, ಕೊನೆಗೆ ತಮ್ಮ ಹೆಸರು. ಅವರು ಜನಸಾಮಾನ್ಯರಿಗೆ ತೆರೆದ ಬಾಗಿಲಲ್ಲಿ ನಮ್ಮವರು ತಡವರಿಸುವುದು ಇಂಥ ಹೆಸರುಗಳಿಂದಲೇ. ಟಿಕೆಟ್ಟಿನ ನಮೂನೆಗೆ ಹೆಸರು ಬೇರೆ, ಮನೆತನದ ಹೆಸರು ಬೇರೆ ಬೇಕು. ಒಂದು ಕಾರ್ಡಿನಲ್ಲಿ ಇನಿಷಿಯಲ್ಲು ಮುಂದಿದ್ದರೆ ಇನ್ನೊಂದರಲ್ಲಿ ಬಿಡಿಸಿ ಬರೆದು ಹಿಂದಕ್ಕೆ ತಳ್ಳಿರುತ್ತದೆ. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಎಸ್ಸೆಸ್ಸೆಲ್ಸಿ ಪ್ರಮಾಣಪತ್ರದಲ್ಲಿ ತಂದೆಯ ಇನಿಷಿಯಲ್ಲು, ಮದುವೆಯ ನಂತರದ ಕಾಗದಗಳಲ್ಲಿ ಗಂಡನದು. ಊರಿನಿಂದ ತಾಯಿಯವರನ್ನು ಕರೆಸಿಕೊಳ್ಳುವವರು ಅವರ ಕಾರ್ಡನ್ನು ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ನೋಡಿ ಟಿಕೆಟ್ ತೆಗೆಸುವುದು ಕ್ಷೇಮ. ಮನೆಯಲ್ಲಿ ಕರೆಯುವ ಹೆಸರು ಬಾಗಿಲಲ್ಲಿ ನಡೆಯದು.

2017ರ ಅಕ್ಟೋಬರಿನಲ್ಲಿ ಭದ್ರತಾ ಬ್ಯೂರೋ ಹತ್ತು ಬಗೆಯ ಗುರುತುಗಳ ಪಟ್ಟಿ ಹೊರಡಿಸಿತು. ಆಧಾರ್, ಮತದಾರರ ಚೀಟಿ, ಪಾಸ್‌ಪೋರ್ಟ್ ಅಲ್ಲದೆ ಭಾವಚಿತ್ರವಿರುವ ಬ್ಯಾಂಕ್ ಪಾಸ್‌ಬುಕ್ಕೂ, ನಮ್ಮಂಥವರ ಕಚೇರಿಯ ಕಾರ್ಡೂ ಅದರಲ್ಲಿದ್ದವು. ತಂದೆ ತಾಯಿಯ ಜೊತೆ ಹೋಗುವ ಮಕ್ಕಳಿಗೆ ವಿನಾಯಿತಿ ಇತ್ತು. 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಗಳಲ್ಲಿ ಡಿಜಿ ಯಾತ್ರಾ ಬಂತು. ಒಪ್ಪಿದವರ ಮುಖವನ್ನೇ ಕ್ಯಾಮೆರಾ ಓದಿ ಬಾಗಿಲು ತೆರೆಯುತ್ತದೆ. ಅದಕ್ಕೂ ಮೊದಲು ಬೋರ್ಡಿಂಗ್ ಪಾಸಿನ ಹೆಸರು ಆಧಾರಿನ ಹೆಸರಿಗೆ ಹೊಂದಬೇಕು. ಅಜ್ಜನ ಊರು ಅಲ್ಲಿಯೂ ಸರಿಯಾದ ಜಾಗದಲ್ಲಿ ಕೂತಿರಬೇಕು.