ಮರದ ಬುಗುರಿಗೆ ಇಷ್ಟು ರೇಟಾ? ಹೆಸರಿಗೆ ಕೊಡುವ ದುಡ್ಡಿನ ಲೆಕ್ಕ

ಬೆಳಗಾವಿಯ ಕರಕುಶಲ ಮೇಳಗಳಲ್ಲಿ ಬಣ್ಣದ ಬುಗುರಿಯ ರೇಟು ಕೇಳಿದವರು ಆಡುವ ಮಾತು ಒಂದೇ: "ಖಾನಾಪುರದ ಬಡಿಗೇರ ಇದನ್ನ ಕಡಿಮಿ ರೊಕ್ಕಕ್ಕ ಮಾಡಿ ಕೊಡ್ತಾನ. ಉಳಿದದ್ದೆಲ್ಲ ಬರೇ ಹೆಸರಿಗೆ."

ಇದು ನಿಜವೇ? ಅರ್ಧ ನಿಜ.

ಹೆಸರು ಹುಟ್ಟುವುದು ಹೇಗೆ?

ಲೇತ್‌ನಲ್ಲಿ ತಿರುಗುವ ಮರಕ್ಕೆ ಉಳಿ ಹಿಡಿದು ದುಂಡಗೆ ಮಾಡುವುದೇ ಕಡೆಯುವ ಕೆಲಸ. ನಮ್ಮ ಲಟ್ಟಣಿಗೆ, ಮಂಚದ ಕಾಲು ಆಗುವುದೂ ಹೀಗೆಯೇ. ಚನ್ನಪಟ್ಟಣದವರು ಇದಕ್ಕೆ ಅರಗಿನ ಬಣ್ಣ ಸೇರಿಸಿದರು. ತಿರುಗುವ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. 20ನೇ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಜಪಾನಿನ ಮೆರುಗೆಣ್ಣೆ ತಂತ್ರವನ್ನು ಇಲ್ಲಿಗೆ ಅಳವಡಿಸಿದರು.

ಅಮೆರಿಕದ ಡೇವಿಡ್ ಎಲ್ಸ್‌ವರ್ತ್ 1970ರ ದಶಕದಲ್ಲಿ ಬಾಗಿದ ಉಳಿಯಿಂದ, ಸಣ್ಣ ಬಾಯಿಯ ಮೂಲಕವೇ ಮರದ ಒಳಗನ್ನು ಕೊರೆದು ತೆಳು ಗೋಡೆಯ ಪಾತ್ರೆ ಮಾಡಿದರು. ಇಂದು ಹಲವರಿಗೆ ಅದು ಬರುತ್ತದೆ. ಆದರೂ ಸಂಗ್ರಹಕಾರರು ಹುಡುಕುವುದು ದಾರಿ ತೋರಿದವರ ಕೆಲಸವನ್ನು. ಒಡೆದ ಮರದ ನಷ್ಟ ಹೊತ್ತವರು ಮೊದಲಿಗರು. ನಂತರದವರು ನೋಡಿ ಕಲಿತರು.

ಇನ್ನೊಂದು ಕಾರಣವೂ ಇದೆ. ಮರ ಸರಿಯಾಗಿ ಒಣಗಿದೆಯೇ, ಮಗು ಬಾಯಿಗೆ ಹಾಕಿದರೆ ಬಣ್ಣ ಸುರಕ್ಷಿತವೇ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಕಾಣದ್ದಕ್ಕೆ ಹೆಸರೇ ಜಾಮೀನು.

ಹೆಸರು ಕೈಕೊಡುವುದು ಎಲ್ಲಿ?

ಚನ್ನಪಟ್ಟಣದ ಗೊಂಬೆಗಳಿಗೆ 2005–06ರಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಅದು ಊರಿನ ಹೆಸರನ್ನು ಕಾಯುತ್ತದೆ. ಆದರೆ ನೀವು ಕೊಟ್ಟ ದುಡ್ಡಿನಲ್ಲಿ ಕಡೆದವರ ಪಾಲೆಷ್ಟು ಎಂದು ಹೇಳುವುದಿಲ್ಲ. ಅಂಗಡಿಯವರು ಬಾಯಿಮಾತಿನಲ್ಲಿ "ಚನ್ನಪಟ್ಟಣದ್ದು" ಅಂದ ಮಾತ್ರಕ್ಕೆ ಅದು ಅಲ್ಲಿನದೂ ಆಗುವುದಿಲ್ಲ.

ಕೊಳ್ಳುವಾಗ ಏನು ಮಾಡಬೇಕು?

• ಅರಗಿನ ಬಣ್ಣವೋ, ಪೇಂಟೋ ಎಂದು ಕೇಳಿ.
• ಬಿರುಕು, ಸಿಬಿರು, ಪೇಂಟಿನ ವಾಸನೆ ಇದೆಯೇ ನೋಡಿ.
• ಪುಟ್ಟ ಮಕ್ಕಳಿಗಾದರೆ, ಬಿಚ್ಚಿಬರುವ ಸಣ್ಣ ತುಂಡುಗಳಿರುವುದು ಬೇಡ.
• ಮಾಡಿದವರು ಯಾರು ಎಂದು ಕೇಳಿ. ಸಾಧ್ಯವಾದರೆ ಅವರಿಂದಲೇ ಕೊಳ್ಳಿ.

ನಮ್ಮ ತೀರ್ಮಾನ

ಹೆಸರಿಗೆ ದುಡ್ಡು ಕೊಡುವುದು ಮೋಸವಲ್ಲ. ಆದರೆ ಹೆಸರಿಲ್ಲದ ಮಾತ್ರಕ್ಕೆ ಕೆಲಸ ಕಡಿಮೆಯದೂ ಅಲ್ಲ. ಮಣ್ಣಿನ ಕೆಲಸದಲ್ಲಿ ಖಾನಾಪುರಕ್ಕೆ ಹೆಸರಿದೆ. ಅಲ್ಲಿನ ಲೇತ್ ಕೆಲಸಕ್ಕೆ ಆ ಹೆಸರಿಲ್ಲ. ಅಲ್ಲಿ ಒಳ್ಳೆಯ ಲಟ್ಟಣಿಗೆ ಸಿಕ್ಕರೆ ಚೌಕಾಸಿಗೆ ಮುಂಚೆ ಬಡಿಗೇರರ ಹೆಸರು ಕೇಳಿ, ನಾಲ್ಕು ಜನರಿಗೆ ಹೇಳಿ. ಹೆಸರು ಬೆಳೆಯುವುದು ಹಾಗೆಯೇ.