ಮಾಲ್ಟಾ ದ್ವೀಪದ ನಾಲಗೆಗಲ್ಲುಗಳು

ಸಿಸಿಲಿಯ ದಕ್ಷಿಣಕ್ಕಿರುವ ಮಾಲ್ಟಾ ದ್ವೀಪವು ಬಹುಮಟ್ಟಿಗೆ ಸುಣ್ಣಕಲ್ಲಿನಿಂದಾದುದು. ಅಲ್ಲಿಯ ಜನರು ಮನೆ ಕಟ್ಟಲು ಬಳಸುವ ಜೇನುಬಣ್ಣದ ಮೆದುಗಲ್ಲು ಸುಮಾರು 2.3 ಕೋಟಿಯಿಂದ 1.4 ಕೋಟಿ ವರ್ಷಗಳ ಹಿಂದೆ ಕಡಲಡಿಯಲ್ಲಿ ಪದರಪದರವಾಗಿ ಶೇಖರಗೊಂಡುದು. ಗಾಳಿಮಳೆಗಳಿಗೆ ಸವೆದ ಈ ಬಂಡೆಗಳ ಮೈಯಲ್ಲಿ ನುಣುಪಾದ, ತ್ರಿಕೋಣಾಕಾರದ ಕಲ್ಲುಗಳು ಹೊರದೋರುವುದುಂಟು. ಇವು ಶಾರ್ಕ್ ಮೀನಿನ ಹಲ್ಲುಗಳೆಂಬುದು ಇಂದು ಸರ್ವವಿದಿತ. ಆದರೆ ಈ ಅರಿವು ಮೂಡಿಬಂದ ಬಗೆಯು ಚರಿತ್ರೆಯ ಅಭ್ಯಾಸಿಗಳಿಗೂ ಗಮನಾರ್ಹವಾದುದು. ಏಕೆಂದರೆ ಅದು ಆಧಾರವನ್ನು ಓದುವ ಕ್ರಮಕ್ಕೆ ಸಂಬಂಧಿಸಿದುದು.

ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲೀನಿಯು, ನಾಲಗೆಯನ್ನು ಹೋಲುವ ಇಂಥ ಕಲ್ಲುಗಳು ಆಕಾಶದಿಂದ ಬೀಳುತ್ತವೆಂಬ ಪ್ರತೀತಿಯನ್ನು ದಾಖಲಿಸಿದ್ದಾನೆ. ಇವುಗಳ ‘ಗ್ಲಾಸೊಪೆಟ್ರ’ ಎಂಬ ಗ್ರೀಕ್ ಹೆಸರಿಗೆ ನಾಲಗೆಗಲ್ಲು ಎಂದೇ ಅರ್ಥ. ಮಾಲ್ಟಾದಲ್ಲಿ ಈ ಭಾವನೆ ಬೇರೊಂದು ರೂಪವನ್ನು ತಳೆಯಿತು. ಹಡಗೊಡೆದು ಆ ದ್ವೀಪವನ್ನು ಸೇರಿದ ಸಂತ ಪೌಲನಿಗೆ ಹಾವು ಕಚ್ಚಿದರೂ ಏನೂ ಆಗಲಿಲ್ಲವೆಂದು ಬೈಬಲ್ಲು ಹೇಳುತ್ತದೆ. ಅಂದಿನಿಂದ ಅಲ್ಲಿಯ ಹಾವುಗಳು ವಿಷವನ್ನು ಕಳೆದುಕೊಂಡುವೆಂದೂ ಅವುಗಳ ನಾಲಗೆಗಳು ಕಲ್ಲಾದುವೆಂದೂ ಜನರು ನಂಬಿದರು. ವಿಷಹರವೆಂಬ ಖ್ಯಾತಿಯಿಂದ ಇವಕ್ಕೆ ಯೂರೋಪಿನಲ್ಲಿ ಬೇಡಿಕೆ ಹೆಚ್ಚಿತು. ವಿಷಪ್ರಾಶನಕ್ಕೆ ಅಂಜುತ್ತಿದ್ದ ಅರಸರ ಭೋಜನದ ಮೇಜುಗಳ ಮೇಲೆ ಗಿಡದಾಕಾರದ ಪೀಠಗಳಲ್ಲಿ ಇವನ್ನು ತೂಗಹಾಕುತ್ತಿದ್ದರು. ಸಾಗರಜೀವಿಯ ಪಳೆಯುಳಿಕೆಯಾದ ಗಂಡಕಿಯ ಸಾಲಿಗ್ರಾಮಕ್ಕೆ ಪೂಜೆ ಸಲ್ಲಿಸುತ್ತ ಬಂದಿರುವ ನಮಗೆ ಇದು ತೀರ ಅಪರಿಚಿತವಾದ ಮನೋಧರ್ಮವಲ್ಲ.

ಸಂದೇಹವೂ ಬೇಗನೆ ತಲೆದೋರಿತು. 1554ರಲ್ಲಿ ಫ್ರಾನ್ಸಿನ ರಾಂಡಲೆಯು ಈ ಕಲ್ಲುಗಳಿಗೂ ಶಾರ್ಕಿನ ಹಲ್ಲುಗಳಿಗೂ ಇರುವ ಸಾಮ್ಯವನ್ನು ಗುರುತಿಸಿದನು. 1616ರಲ್ಲಿ ಇಟಲಿಯ ಫಾಬಿಯೊ ಕೊಲೊನ್ನನು ಅವನ್ನು ಸುಟ್ಟು ಪರೀಕ್ಷಿಸಿ, ಅವು ಕಲ್ಲಿನಂತಲ್ಲದೆ ಎಲುಬಿನಂತೆ ಮೊದಲು ಕರಿಯಾಗುವುದನ್ನು ತೋರಿಸಿದನು. 1666ರಲ್ಲಿ ಲಿವೋರ್ನೊ ನಗರದ ಬಳಿ ಹಿಡಿದ ದೊಡ್ಡ ಶಾರ್ಕಿನ ತಲೆಯನ್ನು ಟಸ್ಕನಿಯ ಪ್ರಭು ಎರಡನೆಯ ಫರ್ಡಿನಾಂಡನು ಡೆನ್ಮಾರ್ಕಿನ ಅಂಗರಚನಾಶಾಸ್ತ್ರಜ್ಞ ಸ್ಟೆನೊನಿಗೆ ಒಪ್ಪಿಸಿದನು. ಸ್ಟೆನೊನ ವರದಿ 1667ರಲ್ಲಿ ಪ್ರಕಟವಾಯಿತು.

ಹೋಲಿಕೆಯನ್ನು ಹೇಳಿ ಸುಮ್ಮನಾಗದೆ, ಕಡಲ ಪ್ರಾಣಿಯ ಹಲ್ಲು ನೆಲದ ಬಂಡೆಯೊಳಗೆ ಸೇರಿದುದು ಹೇಗೆಂದು ವಿಚಾರಿಸಿದುದೇ ಸ್ಟೆನೊನ ಹಿರಿಮೆ. ಬಂಡೆಯ ಬಿರುಕಿನಲ್ಲಿ ಬೆಳೆಯುವ ಬೇರು ಸೊಟ್ಟಗಾಗುತ್ತದೆ; ಈ ಹಲ್ಲುಗಳಾದರೋ ಎಲ್ಲೆಡೆ ತಮ್ಮ ಆಕಾರವನ್ನು ಉಳಿಸಿಕೊಂಡಿವೆ. ಆದುದರಿಂದ ಅವು ಬಂಡೆಯೊಳಗೆ ಹುಟ್ಟಿದುವಲ್ಲ. ಹಲ್ಲು ಮೊದಲೇ ಗಟ್ಟಿಯಾಗಿದ್ದು, ಸುತ್ತಲಿನ ಕೆಸರು ಆಮೇಲೆ ಕಲ್ಲಾಯಿತು. ಈ ತರ್ಕವನ್ನೇ ವಿಸ್ತರಿಸಿ, 1669ರ ಗ್ರಂಥದಲ್ಲಿ ಅವನು ಕೆಳಗಿನ ಪದರ ಮೇಲಿನದಕ್ಕಿಂತ ಹಳೆಯದೆಂಬ ತತ್ತ್ವವನ್ನು ಪ್ರತಿಪಾದಿಸಿದನು. ಮರುವರ್ಷವೇ ಸಿಸಿಲಿಯ ಚಿತ್ರಕಾರ ಅಗೋಸ್ತಿನೊ ಶಿಲ್ಲನು ಮಾಲ್ಟಾದ ಪಳೆಯುಳಿಕೆಗಳನ್ನು ಸ್ವತಃ ಪರಿಶೀಲಿಸಿ, ಅವು ಒಮ್ಮೆ ಜೀವಿಸಿದ್ದ ಪ್ರಾಣಿಗಳ ಅವಶೇಷಗಳೆಂದು ಸಚಿತ್ರವಾಗಿ ವಾದಿಸಿದನು.

ಶಾರ್ಕಿನ ಅಸ್ಥಿಪಂಜರ ಮೃದ್ವಸ್ಥಿಯಿಂದಾದುದರಿಂದ ಸಾಮಾನ್ಯವಾಗಿ ಉಳಿಯುವುದಿಲ್ಲ. ಆದರೆ ಅದು ಜೀವಮಾನದಲ್ಲಿ ಸಾವಿರಾರು ಗಟ್ಟಿಹಲ್ಲುಗಳನ್ನು ಉದುರಿಸುತ್ತದೆ. ಹಲ್ಲುಗಳೇ ಹೇರಳವಾಗಿ ದೊರೆಯುವುದಕ್ಕೆ ಇದು ಕಾರಣ. ಹಾಗೆಂದು ಅವನ್ನು ಮನಬಂದಂತೆ ಕಿತ್ತೊಯ್ಯುವುದು ನಿರಪಾಯವಲ್ಲ. ದೇಗುಲದಿಂದ ಕಿತ್ತು, ಸ್ಥಳದ ಗುರುತಿಲ್ಲದೆ ಸಾಗಿಸಿದ ಶಾಸನದ ಅಕ್ಷರಗಳು ಉಳಿದರೂ ಅದರ ಸಾಕ್ಷ್ಯ ಕುಂದುತ್ತದೆ. ಪದರದ ಗುರುತಿಲ್ಲದ ಹಲ್ಲಿನ ಸ್ಥಿತಿಯೂ ಅದೇ. 2002ರ ಮಾಲ್ಟಾದ ಸಾಂಸ್ಕೃತಿಕ ಪರಂಪರೆಯ ಕಾಯಿದೆ ಪಳೆಯುಳಿಕೆಗಳನ್ನೂ ತನ್ನ ರಕ್ಷಣೆಯೊಳಗೆ ತಂದಿರುವುದು ಉಚಿತವೇ ಆಗಿದೆ. ನಾಲಗೆಗಲ್ಲನ್ನು ಬಹುಕಾಲ ಅನೇಕರು ಸಂಗ್ರಹಿಸಿದ್ದರು. ಅದು ಬಂಡೆಯೊಳಗೆ ಸೇರಿದ ಬಗೆಯನ್ನು ಪ್ರಶ್ನಿಸಿದ ಮೇಲೆಯೇ ಅದರಿಂದ ಭೂಮಿಯ ಚರಿತ್ರೆ ತಿಳಿದುಬಂದಿತು. ಆಕರಗಳನ್ನು ಅರಸಿ ಹೊರಡುವ ನಮ್ಮ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡುವುದು ಒಳಿತು.