ಮಾಧ್ಯಮಿಕ ಶಾಲೆಗಳ ತಾರತಮ್ಯ ವಿಚಾರ

ತಾರತಮ್ಯವೆಂಬ ಶಬ್ದಕ್ಕೆ ಲೋಕದಲ್ಲಿ ಎರಡು ಅರ್ಥಗಳು ರೂಢಿಯಲ್ಲಿವೆ. ವಸ್ತುಗಳ ಹೆಚ್ಚು ಕಡಿಮೆಗಳನ್ನು ತೂಗಿ ನೋಡುವುದು ಒಂದು. ಜನರಲ್ಲಿ ಭೇದವೆಣಿಸುವುದು ಇನ್ನೊಂದು. ಬೆಂಗಳೂರಿನ ದಕ್ಷಿಣಭಾಗದಲ್ಲಿ, ಕನ್ನಡ, ಉರ್ದು, ತಮಿಳುಗಳು ಒಂದೇ ಬೀದಿಯಲ್ಲಿ ಕೇಳಿಬರುವ ತಿಲಕ್ ನಗರದಂತಹ ಕಡೆ, ಮಗುವಿಗೆ ಹತ್ತು ಹನ್ನೊಂದು ವರ್ಷ ತುಂಬಿದೊಡನೆ ತಾಯಿತಂದೆಗಳು ನೆರೆಯ ಶಾಲೆಗಳಲ್ಲಿ ಯಾವುದು ಮೇಲು ಎಂದು ವಿಚಾರಿಸುವುದು ಸಹಜವಾಗಿದೆ. ಅದು ಮೊದಲನೆಯ ಅರ್ಥದ ತಾರತಮ್ಯ. ಆದರೆ ಮೈಸೂರು ಸೀಮೆಯ ವಿದ್ಯಾಭ್ಯಾಸದ ಚರಿತ್ರೆಯನ್ನು ಅವಲೋಕಿಸಿದರೆ, ಶಾಲೆಗಳ ನಡುವಣ ಭೇದವು ಬಹುಕಾಲ ಎರಡನೆಯ ಅರ್ಥದೊಡನೆಯೇ ಹೆಣೆದುಕೊಂಡಿದ್ದಿತೆಂಬುದು ತಿಳಿಯಬರುತ್ತದೆ.

1854ರಲ್ಲಿ ಸರ್ ಚಾರ್ಲ್ಸ್ ವುಡ್ಡನ ನಿರೂಪವು ಹೊರಟ ಬಳಿಕ, 1857ರಲ್ಲಿ ಮೈಸೂರಿನಲ್ಲಿ ವಿದ್ಯಾಭ್ಯಾಸದ ಇಲಾಖೆಯು ಏರ್ಪಟ್ಟಿತು. 1868ರಲ್ಲಿ ಬಿ. ಎಲ್. ರೈಸರು ಹೋಬಳಿಗೊಂದು ಶಾಲೆಯಿರಬೇಕೆಂಬ ಯೋಜನೆಯನ್ನು ಮುಂದಿಟ್ಟರು. ಅಲ್ಲಿಂದ ಮುಂದೆ ಎರಡು ಬಗೆಯ ಶಾಲೆಗಳು ಬೆಳೆದುಬಂದವು: ದೇಶಭಾಷೆಯಲ್ಲೇ ಪಾಠ ಹೇಳುವ ಕನ್ನಡ ಶಾಲೆಗಳು, ಮತ್ತು ಇಂಗ್ಲಿಷನ್ನೂ ಕಲಿಸುವ ಆಂಗ್ಲೋ ವರ್ನಾಕ್ಯುಲರ್ ಶಾಲೆಗಳು. ಕನ್ನಡದಲ್ಲಿ ಲೋವರ್ ಸೆಕೆಂಡರಿ ಪರೀಕ್ಷೆಯನ್ನು ಮುಗಿಸಿದವನು ಹಳ್ಳಿಯ ಉಪಾಧ್ಯಾಯನಾಗಬಹುದಾಗಿದ್ದಿತು. ಇಂಗ್ಲಿಷಿನ ದಾರಿ ಹಿಡಿದವನು ಹೈಸ್ಕೂಲು, ಕಾಲೇಜುಗಳನ್ನು ದಾಟಿ ಕಚೇರಿಗೆ ಸೇರುತ್ತಿದ್ದನು. ಹೀಗೆ ಮಾಧ್ಯಮಿಕ ಶಾಲೆಯೇ ಬಾಳಿನ ಕವಲುದಾರಿಯಾಯಿತು. ಎರಡು ಶಾಲೆಗಳ ಗುಣವನ್ನು ಹೋಲಿಸುವುದಕ್ಕೆ ಮೊದಲೇ ಅವುಗಳ ಫಲವು ನಿಶ್ಚಿತವಾಗಿರುತ್ತಿದ್ದಿತು.

ಬಾಗಿಲೊಳಗೆ ಬರುವ ಅಧಿಕಾರವೂ ಸಮನಾಗಿರಲಿಲ್ಲ. ಪಂಚಮರೆಂದು ಕರೆಯಲ್ಪಡುತ್ತಿದ್ದ ಸಮುದಾಯದ ಮಕ್ಕಳನ್ನು ಸರ್ಕಾರಿ ಶಾಲೆಗಳಲ್ಲಿ ಸೇರಿಸಿಕೊಳ್ಳಬೇಕೆಂಬ ನಿಲುವನ್ನು 1915ರಲ್ಲಿ ಸರ್ಕಾರವು ತಳೆದಾಗ ಕೆಲವೆಡೆ ಪ್ರಬಲವಾದ ವಿರೋಧವೇ ಎದ್ದಿತು. 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳ ಕೊರತೆಯನ್ನು ಪರಿಶೀಲಿಸಿತು. ಆ ಕೊರತೆಯ ಬೇರುಗಳಲ್ಲಿ ಒಂದು ಇಂಗ್ಲಿಷ್ ವಿದ್ಯಾಭ್ಯಾಸದ ಕೊರತೆಯಾಗಿದ್ದಿತೆಂಬುದರಲ್ಲಿ ಸಂಶಯವಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾದವರ ಸಂಖ್ಯೆಯಿಂದ ಮಾತ್ರ ಶಾಲೆಯನ್ನು ಅಳೆಯುವವರಿಗೆ, ಪರೀಕ್ಷೆಯವರೆಗೆ ಬರಲಾಗದವರು ಕಾಣಿಸುವುದೇ ಇಲ್ಲ.

ಬೆಂಗಳೂರಿನಲ್ಲಿ ಇನ್ನೊಂದು ತೊಡಕಿದ್ದಿತು. ಊರು ಒಂದೇ ಆದರೂ ಆಡಳಿತ ಎರಡು: ಪೇಟೆಯು ಮಹಾರಾಜರ ಸರ್ಕಾರಕ್ಕೆ ಸೇರಿದ್ದರೆ, ದಂಡು ಪ್ರದೇಶವು 1947ರವರೆಗೂ ಬ್ರಿಟಿಷರ ಕೈಯಲ್ಲಿದ್ದಿತು. 1949ರಲ್ಲಿ ಎರಡೂ ಪುರಸಭೆಗಳು ಸೇರಿ ಒಂದೇ ನಗರಸಭೆಯಾಯಿತು. ಅದಕ್ಕೆ ಹಿಂದಿನ ವರ್ಷ, 1948ರಲ್ಲಿ, ಜಯನಗರ ಬಡಾವಣೆಗೆ ಅಡಿಪಾಯ ಬಿದ್ದಿದ್ದಿತು. ತಿಲಕ್ ನಗರವಿರುವುದು ಅದರ ಮಗ್ಗುಲಲ್ಲೇ. ಪಕ್ಕದ ಬಸವನಗುಡಿಯಲ್ಲಿ 1917ರಲ್ಲೇ ನ್ಯಾಷನಲ್ ಹೈಸ್ಕೂಲು ಸ್ಥಾಪಿತವಾಗಿದ್ದಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಾಲಕ ಎಚ್. ನರಸಿಂಹಯ್ಯನವರು ಊರಿನ ಶಾಲೆಯ ಓದನ್ನು ಮುಗಿಸಿ, 1935ರಲ್ಲಿ ಆ ಹೈಸ್ಕೂಲನ್ನು ಸೇರಲು ಬೆಂಗಳೂರಿಗೆ ನಡೆದೇ ಬಂದರು. ಮುಂದೆ ಅವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದುದು ಸರ್ವವಿದಿತವಾಗಿದೆ. ಅವರ ಕಾಲ್ನಡಿಗೆಯನ್ನು ಕೊಂಡಾಡುವುದು ಯುಕ್ತವೇ. ಆದರೆ ಅಷ್ಟು ದೂರ ನಡೆಯಲಾರದೆ ಊರಿನಲ್ಲೇ ಉಳಿದ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ, ಮುಂಬಯಿ ಪ್ರಾಂತದ ಭಾಗಗಳಿಂದ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯೂ, ಹೈದರಾಬಾದಿನ ಭಾಗಗಳಿಂದ ಉರ್ದು ಮಾಧ್ಯಮದ ಸಂಪ್ರದಾಯವೂ, ಮದರಾಸಿನ ಭಾಗಗಳಿಂದ ಬೇರೊಂದು ಕ್ರಮವೂ ಬಂದವು. ಇವನ್ನು ಸಮನ್ವಯಗೊಳಿಸಿ, ಏಳು ವರ್ಷಗಳ ಪ್ರಾಥಮಿಕ ಶಾಲೆ ಮತ್ತು ಮೂರು ವರ್ಷಗಳ ಪ್ರೌಢಶಾಲೆ ಎಂಬ ಏರ್ಪಾಡನ್ನು ರೂಪಿಸಲಾಯಿತು. ಮಿಡಲ್ ಸ್ಕೂಲೆಂಬ ಹೆಸರು ಹಿಂದೆ ಸರಿದು, ಹಿರಿಯ ಪ್ರಾಥಮಿಕ ಶಾಲೆ ಎಂಬುದು ಬಳಕೆಗೆ ಬಂದಿತು.

ಹೆಸರು ಬದಲಾಯಿತೇ ಹೊರತು ಹಳೆಯ ಪ್ರಶ್ನೆ ಬದಲಾಗಲಿಲ್ಲ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯ ನಿಯಮಗಳು ಒಂದರಿಂದ ಐದನೆಯ ತರಗತಿಯವರೆಗೆ 1 ಕಿಲೋಮೀಟರಿನೊಳಗೂ, ಆರರಿಂದ ಎಂಟರವರೆಗೆ 3 ಕಿಲೋಮೀಟರಿನೊಳಗೂ ನೆರೆಶಾಲೆಯಿರಬೇಕೆಂದು ವಿಧಿಸಿದವು. ಇದರಿಂದ ದೂರದ ಪ್ರಶ್ನೆಗೆ ಒಂದು ಉತ್ತರ ದೊರೆಯಿತು. ಆದರೆ ಬೋಧನಭಾಷೆಯ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಏರಿ, 2014ರಲ್ಲಿ ಮಾಧ್ಯಮದ ಆಯ್ಕೆಯು ತಾಯಿತಂದೆಗಳದೆಂದು ತೀರ್ಪಾಯಿತು. 2019ರಲ್ಲಿ ಸರ್ಕಾರವೇ ತನ್ನ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಲು ಮುಂದಾಯಿತು. ಒಂದು ಶತಮಾನದ ಹಿಂದಿನ ಎರಡು ಬಗೆಯ ಶಾಲೆಗಳ ಭೇದವು ಹೀಗೆ ಒಂದೇ ಸೂರಿನ ಕೆಳಗಣ ಎರಡು ಕೊಠಡಿಗಳ ಭೇದವಾಗಿ ಮರಳಿ ಕಾಣಿಸಿಕೊಂಡಿತು.

ಆದಕಾರಣ ನೆರೆಯ ಶಾಲೆಗಳನ್ನು ಹೋಲಿಸುವವರು ಫಲಿತಾಂಶವನ್ನೂ ಬೋಧನಭಾಷೆಯನ್ನೂ ವಿಚಾರಿಸಲಿ, ಅದರಲ್ಲಿ ತಪ್ಪಿಲ್ಲ. ಅದರೊಡನೆ, ಆರನೆಯ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಎಂಟನೆಯದನ್ನು ತಲುಪಿದರು, ಬಿಟ್ಟುಹೋದವರು ಯಾರ ಮನೆಯ ಮಕ್ಕಳು, ಮನೆಮಾತು ಬೇರೆಯಾದ ಮಗುವಿಗೆ ಪಾಠವು ಅರ್ಥವಾಗುವಂತೆ ಉಪಾಧ್ಯಾಯರು ಏನು ಮಾಡುತ್ತಾರೆ ಎಂಬುದನ್ನೂ ಕೇಳುವುದು ಅವಶ್ಯಕ. ಇವುಗಳಿಗೆ ಸಮಾಧಾನಕರವಾದ ಉತ್ತರವನ್ನು ಕೊಡಬಲ್ಲ ಶಾಲೆಯು ಕಟ್ಟಡದಲ್ಲಿ ಹಳೆಯದಾದರೂ ಮೇಲಾದುದೇ. ಶಾಲೆಗಳನ್ನು ತೂಗುವ ತಾರತಮ್ಯವು ಮಕ್ಕಳಲ್ಲಿ ಭೇದವೆಣಿಸುವ ತಾರತಮ್ಯವಾಗದಂತೆ ನೋಡಿಕೊಳ್ಳುವ ಹೊಣೆಯು ಇಲಾಖೆಯದೆಷ್ಟೋ, ವಿದ್ಯಾವಂತ ಗೃಹಸ್ಥರದೂ ಅಷ್ಟೇ.